ಬಿಸಿಯಾದಾಗಷ್ಟೇ ನಿಲ್ಲುತ್ತಿದ್ದ ಪದ್ಮಿನಿ

ನಮ್ಮ ಪದ್ಮಿನಿ ಕಾರು ಬೆಳಿಗ್ಗೆ ಚೋಕ್ ಎಳೆದು ಸೆಲ್ಫ್ ಹೊಡೆದರೆ ಒಂದೇ ಸಲಕ್ಕೆ ಸ್ಟಾರ್ಟ್. ಊರೊಳಗೆ ಎಷ್ಟು ಸುತ್ತಿದರೂ ತಕರಾರಿಲ್ಲ. ಶಿವಮೊಗ್ಗದಿಂದ ತೀರ್ಥಹಳ್ಳಿ ಕಡೆ ಹೊರಟರೆ ಗಾಜನೂರು ದಾಟುತ್ತೆ, ಸಕ್ರೆಬೈಲು ದಾಟುತ್ತೆ, ಮಂಡಗದ್ದೆ ಬರೋ ಹೊತ್ತಿಗೆ ಮಿಸ್ಸಿಂಗ್ ಶುರು. ಮೊದಲು ಏರಿನಲ್ಲಿ ಒಂದೆರಡು ಸಲ ಜಗ್ಗುತ್ತೆ, ಆಮೇಲೆ ಸಮತಟ್ಟಿನಲ್ಲೂ ಜಗ್ಗುತ್ತೆ, ಕೊನೆಗೆ ಆಕ್ಸಿಲರೇಟರ್ ಎಷ್ಟು ಒತ್ತಿದರೂ ಉಸಿರೇ ಇಲ್ಲ, ಗಾಡಿ ಪಕ್ಕಕ್ಕೆ ಹಾಕೋದೊಂದೇ ದಾರಿ. ಅರ್ಧ ಗಂಟೆ ಬಿಟ್ಟು ಸೆಲ್ಫ್ ಹೊಡೆದರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಮತ್ತೆ ಸ್ಟಾರ್ಟ್.

ಗಾಡಿ ನಮ್ಮ ಮಾವನವರದ್ದು. 1989ರ ಪ್ರೀಮಿಯರ್ ಪದ್ಮಿನಿ, 1089 ಸಿಸಿ ಪೆಟ್ರೋಲ್ ಇಂಜಿನ್, ಸ್ಟೀರಿಂಗ್ ಪಕ್ಕದಲ್ಲೇ ಗೇರು. ಅವರಿಗೆ ಕಣ್ಣಿನ ಆಪರೇಷನ್ ಆದಮೇಲೆ ಓಡಿಸೋದು ಬಿಟ್ಟರು, ಮಾರೋಕೆ ಮನಸ್ಸು ಬರಲಿಲ್ಲ, ಹಾಗಾಗಿ ತೀರ್ಥಹಳ್ಳಿಯ ಕೊಟ್ಟಿಗೆಯಿಂದ ಶಿವಮೊಗ್ಗದ ನಮ್ಮ ಮನೆ ಮುಂದಕ್ಕೆ ಬಂತು. ಹದಿನೈದು ವರ್ಷ ದಾಟಿದ ಗಾಡಿ ಅಲ್ವಾ, ಐದೈದು ವರ್ಷಕ್ಕೊಮ್ಮೆ ಆರ್‌ಟಿಓ ಕಚೇರಿಗೆ ಕರೆದುಕೊಂಡು ಹೋಗಿ ತೋರಿಸಿ ಆರ್‌ಸಿ ನವೀಕರಿಸಬೇಕು. ಆ ತಪಾಸಣೆಯಲ್ಲಿ ಮಾತ್ರ ಪಾಸು. ಅಲ್ಲಿ ಯಾರೂ ಮಂಡಗದ್ದೆವರೆಗೆ ಓಡಿಸಿ ನೋಡಲ್ಲ.

ಹೀಗೆ ಬಿಸಿಯಾಗಿ ನಿಂತ ಪದ್ಮಿನಿ ಅಂದರೆ ಸಾಕು, ಐವತ್ತು ದಾಟಿದ ಯಾರನ್ನೇ ಕೇಳಿ, ಕಾಯಿಲೆ ಏನು ಅಂತ ಬಾನೆಟ್ ತೆಗೆಯೋ ಮೊದಲೇ ಹೇಳ್ತಾರೆ: 'ಪೆಟ್ರೋಲ್ ಪಂಪು ಬಿಸಿಯಾಗಿದೆ, ಒದ್ದೆ ಬಟ್ಟೆ ಹಾಕಿ.' ಅದು ಸುಳ್ಳೇನಲ್ಲ. ಈ ಗಾಡಿಯ ಪೆಟ್ರೋಲ್ ಪಂಪು ಇಂಜಿನ್ನಿಗೇ ಅಂಟಿಕೊಂಡಿರುತ್ತೆ. ಇಂಜಿನ್ ಶಾಖಕ್ಕೆ ಪಂಪಿನೊಳಗೆ, ಪೈಪಿನೊಳಗೆ ಪೆಟ್ರೋಲ್ ಆವಿಯಾಗುತ್ತೆ. ಪಂಪು ದ್ರವವನ್ನು ತಳ್ಳುತ್ತೆ, ಆವಿ ಬಂದರೆ ಅದನ್ನೇ ಒತ್ತುತ್ತಾ ಕೂರುತ್ತೆ, ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡೋ ಕಾರ್ಬುರೇಟರಿಗೆ ಪೆಟ್ರೋಲ್ ಹೋಗಲ್ಲ. ಒದ್ದೆ ಬಟ್ಟೆ ಸುತ್ತಿದರೆ ಆವಿ ಮತ್ತೆ ಪೆಟ್ರೋಲಾಗುತ್ತೆ, ಗಾಡಿ ಹೊರಡುತ್ತೆ. ಒಂದು ಕಾಲದಲ್ಲಿ ಘಾಟಿಗೆ ಹೋಗೋ ಫಿಯೆಟ್ಟಿನ (ಪದ್ಮಿನಿಯ ಹಳೇ ಹೆಸರು ಅದೇ) ಡಿಕ್ಕಿಯಲ್ಲಿ ಒಂದು ಕ್ಯಾನು ನೀರು, ಒಂದು ಹಳೇ ಬನಿಯನ್ ಇದ್ದೇ ಇರ್ತಿತ್ತು. ನಮ್ಮ ಮಾವನವರ ಡಿಕ್ಕಿಯಲ್ಲೂ ಇತ್ತು. ಈಗಲೂ ಇದೆ.

ನಾವೂ ಅದನ್ನೇ ಮಾಡಿದೆವು. ಬಟ್ಟೆ ಹಾಕಿದೆವು, ಕಾದೆವು, ಸ್ಟಾರ್ಟ್ ಆಯ್ತು. ಸರಿ, ಪಂಪೇ ಅಂತ ತೀರ್ಮಾನ. ಮೆಕ್ಯಾನಿಕ್ ಪಂಪಿನ ಡಯಾಫ್ರಾಮ್ ಬದಲಾಯಿಸಿದರು. ಕಾರ್ಬುರೇಟರ್ ಬಿಚ್ಚಿ ಜೆಟ್ಟು ಊದಿದರು. ಟ್ಯಾಂಕ್ ಇಳಿಸಿ ತೊಳೆದರು, ಒಂದು ಬೊಗಸೆ ತುಕ್ಕು ಬಂತು, ಅದನ್ನು ಪೇಪರಿನ ಮೇಲೆ ಹರಡಿ ನನಗೆ ತೋರಿಸಿ 'ಇದೇ ನೋಡಿ ಸಾರ್' ಅಂದರು. ಪೆಟ್ರೋಲ್ ಪೈಪಿನ ರಬ್ಬರೆಲ್ಲ ಹೊಸದು ಹಾಕಿಸಿದ್ದಾಯ್ತು, ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಸೇರಿಸ್ತಾರೆ, ಹಳೇ ರಬ್ಬರಿಗೆ ಅದು ಆಗಿಬರಲ್ಲ, ಆ ಮಾತು ನಿಜ, ಹಾಗಾಗಿ ಆ ದುಡ್ಡು ದಂಡ ಅಂತ ನಾನು ಹೇಳಲ್ಲ. ಆದರೆ ಗಾಡಿ ಮಾತ್ರ ಮಂಡಗದ್ದೆ ಹತ್ತಿರ ನಿಲ್ಲೋದು ಬಿಡಲಿಲ್ಲ.

ನನಗೆ ಅನುಮಾನ ಬಂದದ್ದು ಒದ್ದೆ ಬಟ್ಟೆಯ ಮೇಲೇ. ಬಟ್ಟೆ ಹಾಕಿದ ಕೂಡಲೇ ಗಾಡಿ ಯಾವತ್ತೂ ಸ್ಟಾರ್ಟ್ ಆಗಿರಲಿಲ್ಲ. ಬಟ್ಟೆ ಹಾಕಿ ಅರ್ಧ ಗಂಟೆ ಕಾದಮೇಲೆ ಆಗ್ತಿತ್ತು. ಹಾಗಾದರೆ ಕೆಲಸ ಮಾಡಿದ್ದು ಬಟ್ಟೆಯೋ ಅರ್ಧ ಗಂಟೆಯೋ? ಅರ್ಧ ಗಂಟೆಯಲ್ಲಿ ಪಂಪು ಒಂದೇ ಅಲ್ಲ, ಬಾನೆಟ್ ಕೆಳಗಿರೋ ಎಲ್ಲವೂ ತಣ್ಣಗಾಗುತ್ತೆ. ಅದರಲ್ಲಿ ಇಗ್ನಿಷನ್ ಕಾಯಿಲ್ ಕೂಡ ಒಂದು.

ಕಾಯಿಲ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡ್ತೀನಿ. ಬಾನೆಟ್ ಒಳಗೆ ಪಕ್ಕದ ತಗಡಿಗೆ ಕ್ಲಾಂಪ್ ಹಾಕಿ ಬಿಗಿದಿರೋ ಒಂದು ಉರುಟು ಡಬ್ಬಿ. ಮೇಲೆ ಕಪ್ಪು ಬೇಕಲೈಟ್ ಮುಚ್ಚಳ, ಅದರ ಮಧ್ಯದಿಂದ ದಪ್ಪ ವೈರು ಡಿಸ್ಟ್ರಿಬ್ಯೂಟರಿಗೆ, ಅಂದರೆ ಕರೆಂಟನ್ನು ಒಂದೊಂದು ಪ್ಲಗ್ಗಿಗೂ ಸರದಿಯಲ್ಲಿ ಹಂಚೋ ಭಾಗಕ್ಕೆ, ಹೋಗುತ್ತೆ, ಅಕ್ಕಪಕ್ಕ ಎರಡು ಸಣ್ಣ ಟರ್ಮಿನಲ್. ಒಳಗೆ ಕಬ್ಬಿಣದ ತಿರುಳಿನ ಸುತ್ತ ಎರಡು ಬಗೆಯ ತಾಮ್ರದ ತಂತಿ. ದಪ್ಪ ತಂತಿ ಕೆಲವು ನೂರು ಸುತ್ತು, ಕೂದಲಿನಷ್ಟು ಸಣ್ಣ ತಂತಿ ಸಾವಿರಗಟ್ಟಲೆ ಸುತ್ತು. ತಂತಿ ತಂತಿಗೆ ತಾಗಬಾರದು, ಶಾಖವೂ ಹೊರಗೆ ಹೋಗಬೇಕು, ಅದಕ್ಕೆ ಡಬ್ಬಿ ತುಂಬ ಎಣ್ಣೆ. ದಪ್ಪ ತಂತಿಯಲ್ಲಿ ಬ್ಯಾಟರಿಯ 12 ವೋಲ್ಟಿನ ಕರೆಂಟು ಹರಿಯುತ್ತಿರುತ್ತೆ. ಡಿಸ್ಟ್ರಿಬ್ಯೂಟರ್ ಒಳಗೆ ತೆರೆದು ಮುಚ್ಚೋ ಸಣ್ಣ ಸ್ವಿಚ್ಚು, ಅದೇ ಪಾಯಿಂಟ್, ತೆರೆದುಕೊಂಡ ಕ್ಷಣ ಆ ಕರೆಂಟು ಕಡಿಯುತ್ತೆ, ಕಡಿದ ರಭಸಕ್ಕೆ ಸಣ್ಣ ತಂತಿಯಲ್ಲಿ ಹದಿನೈದು ಇಪ್ಪತ್ತು ಸಾವಿರ ವೋಲ್ಟ್ ಎದ್ದು ಪ್ಲಗ್ಗಿನ ತುದಿಯಲ್ಲಿ ಕಿಡಿಯಾಗಿ ಹಾರುತ್ತೆ. ನಾಲ್ಕು ಸಿಲಿಂಡರ್ ಗಾಡಿ, ನಿಮಿಷಕ್ಕೆ 3000 ಸುತ್ತು ತಿರುಗುತ್ತಿದ್ದರೆ ಸೆಕೆಂಡಿಗೆ ನೂರು ಕಿಡಿ. ನಾಲ್ಕು ಪ್ಲಗ್ಗಿಗೂ ಕಾಯಿಲ್ ಒಂದೇ. ಮೂವತ್ತು ವರ್ಷಕ್ಕೂ ಮೇಲೆ ಅದೇ ಡಬ್ಬಿ ಈ ಕೆಲಸ ಮಾಡಿದೆ ಅಂದರೆ, ಅದರ ಮೇಲೆ ಸಿಟ್ಟು ಮಾಡಿಕೊಳ್ಳೋಕೆ ನನಗಂತೂ ಆಗಲ್ಲ.

ಹಳೇ ಕಾಯಿಲ್ ಸಾಯೋ ರೀತಿ ವಿಚಿತ್ರ. ಒಮ್ಮೆಗೇ ಸತ್ತರೆ ಒಳ್ಳೇದು, ಗಾಡಿ ಸ್ಟಾರ್ಟೇ ಆಗಲ್ಲ, ಹುಡುಕೋದು ಸುಲಭ. ಆದರೆ ಸಣ್ಣ ತಂತಿ ಎಲ್ಲೋ ಒಂದು ಕಡೆ ತುಂಡಾಗಿ ತುದಿಗೆ ತುದಿ ತಾಗಿಕೊಂಡಿದ್ದರೆ, ತಣ್ಣಗಿದ್ದಾಗ ಕೆಲಸ ಮಾಡುತ್ತೆ, ಬಿಸಿಯಾಗಿ ಹಿಗ್ಗಿದಾಗ ತುದಿ ಬಿಟ್ಟುಕೊಳ್ಳುತ್ತೆ. ತಂತಿಯ ಮೇಲಿನ ಲೇಪ ಬಿಸಿಗೆ ಸೋತು ಒಳಗೊಳಗೇ ಕರೆಂಟು ಹಾರೋದೂ ಉಂಟು. ಗ್ಯಾರೇಜಿಗೆ ಒಯ್ಯೋ ಹೊತ್ತಿಗೆ ಮತ್ತೆ ತಣ್ಣಗಾಗಿರುತ್ತೆ, ಎಲ್ಲಾ ಸರಿ. ಆಸ್ಪತ್ರೆ ಬಾಗಿಲಿಗೆ ಹೋದ ಕೂಡಲೇ ಜ್ವರ ಬಿಡೋ ಮಗು ಇದ್ದ ಹಾಗೆ. ಅದನ್ನು ಹಿಡಿಯಬೇಕಾದರೆ ಗಾಡಿ ನಿಂತ ಜಾಗದಲ್ಲೇ, ನಿಂತ ಆ ಗಳಿಗೆಯಲ್ಲೇ ಹಿಡಿಯಬೇಕು.

ಹಾಗಾಗಿ ಮುಂದಿನ ಸಲ ನಿಲ್ಲಲಿ ಅಂತಲೇ ಹೊರಟೆ. ಹೆಂಡತಿಯ ತಮ್ಮ ಜೊತೆಗೆ ಬಂದ, ಸೆಲ್ಫ್ ಹೊಡೆಯೋಕೆ ಒಬ್ಬರು ಬೇಕಲ್ಲ. ಸಾಮಾನು ಜಾಸ್ತಿ ಏನಿಲ್ಲ: ಪ್ಲಗ್ ಸ್ಪ್ಯಾನರ್, ಒಂದು ಒಳ್ಳೆ ಪ್ಲಗ್ಗು, ಹಿಡಿಗೆ ರಬ್ಬರ್ ಇರೋ ಕಟಿಂಗ್ ಪ್ಲೇಯರ್, ಹೊಸ ಕಂಡೆನ್ಸರ್ ಒಂದು (ಪಾಯಿಂಟಿನ ಜೊತೆಗಿದ್ದು ಕಿಡಿಗೆ ಬಲ ಕೊಡೋ ಸಣ್ಣ ಬಿಡಿಭಾಗ), ಕ್ಲಿಪ್ ಇರೋ ಎರಡು ವೈರ್ ತುಂಡು, ಇಂಡಿಕೇಟರ್ ಬಲ್ಬಿಗೆ ವೈರ್ ಬೆಸೆದು ಮಾಡಿದ ಟೆಸ್ಟ್ ಲ್ಯಾಂಪು. ಮತ್ತೆ ನೀರಿನ ಕ್ಯಾನು, ಬನಿಯನ್.

ಅವತ್ತು ಮಂಡಗದ್ದೆ ದಾಟಿಸಿತು. 'ಭಾವ, ಇವತ್ತು ನಿಲ್ಲೋದೇ ಇಲ್ಲ ನೋಡಿ, ನೀವು ಕಾಯ್ತಾ ಇದೀರಿ ಅಂತ ಅದಕ್ಕೆ ಗೊತ್ತಾಗಿದೆ' ಅಂತ ಅವನು ನಗ್ತಿದ್ದ. ಸ್ವಲ್ಪ ಮುಂದೆ ಹೋಗಿ ಒಂದು ತಿರುವಿನ ಏರಿನಲ್ಲಿ ಜಗ್ಗಿತು. ಎಡಕ್ಕೆ ಮರದ ಕೆಳಗೆ ನಿಲ್ಲಿಸಿದೆ. ಗಾಡಿ ಕೆಟ್ಟು ನಿಂತಾಗ ಖುಷಿಪಟ್ಟದ್ದು ಜೀವನದಲ್ಲಿ ಅದೇ ಮೊದಲು.

ಮೊದಲು ಮಾಡಿದ ಕೆಲಸ, ಒಂದು ಪ್ಲಗ್ಗು ಬಿಚ್ಚಿ ನೋಡಿದ್ದು. ಪೆಟ್ರೋಲ್ ಬರ್ತಿಲ್ಲ ಅಂದರೆ ಪ್ಲಗ್ಗು ಒಣಗಿರಬೇಕು. ಇದು ಒದ್ದೆ. ಮೂಗಿನ ಹತ್ತಿರ ಹಿಡಿದರೆ ಘಮ್ಮಂತ ಪೆಟ್ರೋಲ್ ವಾಸನೆ, ತುದಿಯಲ್ಲಿ ಹನಿ ಹೊಳೀತಿತ್ತು. ಅಲ್ಲಿಗೆ ಪಂಪು, ಕಾರ್ಬುರೇಟರ್, ಟ್ಯಾಂಕು ಎಲ್ಲವೂ ನಿರಪರಾಧಿಗಳು. ಪೆಟ್ರೋಲ್ ಸಿಲಿಂಡರಿನವರೆಗೆ ಬಂದು ಕೂತಿದೆ, ಹೊತ್ತಿಸೋಕೆ ಕಿಡಿ ಇಲ್ಲ. ಇಷ್ಟು ನೋಡೋಕೆ ಎರಡು ನಿಮಿಷ ಸಾಕು. ಟ್ಯಾಂಕ್ ಇಳಿಸೋಕೆ ಅರ್ಧ ದಿನ ಬೇಕಿತ್ತು.

ಬಿಚ್ಚಿದ ಪ್ಲಗ್ಗನ್ನು ವಾಪಸ್ ಹಾಕಿ ಬಿಗಿದೆ, ತೂತು ತೆರೆದಿಟ್ಟು ಕಿಡಿ ಹಾರಿಸಿದರೆ ಹೊರಗೆ ಬರೋ ಪೆಟ್ರೋಲ್ ಆವಿಗೇ ಬೆಂಕಿ ಹತ್ತಬಹುದು. ಆಮೇಲೆ ಡಿಸ್ಟ್ರಿಬ್ಯೂಟರ್ ಕ್ಯಾಪಿನ ಮಧ್ಯದ ದಪ್ಪ ವೈರ್ ಕಿತ್ತು, ಅದರ ತುದಿಗೆ ತಂದಿದ್ದ ಒಳ್ಳೆ ಪ್ಲಗ್ಗನ್ನು ಸಿಕ್ಕಿಸಿ, ಪ್ಲಗ್ಗಿನ ಮೈ ಇಂಜಿನ್ನಿಗೆ ತಾಗೋ ಹಾಗೆ ಪ್ಲೇಯರಿನಲ್ಲಿ ಹಿಡಿದುಕೊಂಡು 'ಹೊಡಿ' ಅಂದೆ. ದಪ್ಪ ವೈರನ್ನು ಸುಮ್ನೆ ಗಾಳಿಯಲ್ಲಿ ಬಿಟ್ಟು ಸೆಲ್ಫ್ ಹೊಡೆಯಬಾರದು, ಹೋಗೋಕೆ ದಾರಿ ಸಿಗದೆ ವೋಲ್ಟೇಜು ಕಾಯಿಲ್ ಒಳಗೇ ದಾರಿ ಮಾಡಿಕೊಳ್ಳುತ್ತೆ. ಬರೀ ಕೈಯಲ್ಲೂ ಹಿಡಿಯಬಾರದು, ಅದನ್ನು ಬೇರೆ ಹೇಳಬೇಕಿಲ್ಲ.

ಕಿಡಿ ಬಂತು. ಆದರೆ ಅದನ್ನು ಕಿಡಿ ಅನ್ನೋಕೆ ನಾಚಿಕೆ. ಸಣ್ಣ ಹಳದಿ ಎಳೆ, ಒಂದು ಬಂದರೆ ಎರಡು ಬರಲ್ಲ, ಸದ್ದೇ ಇಲ್ಲ. ನೆರಳಿನಲ್ಲಿ ಬಗ್ಗಿ ನೋಡಿದ್ದಕ್ಕೆ ಕಂಡಿತು. ಸರಿ ಇರೋ ಕಾಯಿಲಿನ ಕಿಡಿ ನೀಲಿ ಬಿಳುಪು, ಚಟ್ ಚಟ್ ಅಂತ ಸದ್ದು ಮಾಡುತ್ತೆ. ಇಂಥಾ ಹಳದಿ ಕಿಡಿ ಹೊರಗೆ ಗಾಳಿಯಲ್ಲಿ ಹಾರಿದರೂ ಸಿಲಿಂಡರ್ ಒಳಗೆ, ಒತ್ತಡದಲ್ಲಿ, ಹಾರಲ್ಲ.

ಕಿಡಿ ದುರ್ಬಲ ಅಂದಮಾತ್ರಕ್ಕೆ ಕಾಯಿಲೇ ಅಂತ ಹೇಳೋ ಹಾಗಿಲ್ಲ. ಪಾಯಿಂಟ್ ಕಪ್ಪಾಗಿರಬಹುದು, ಕಂಡೆನ್ಸರ್ ಹೋಗಿರಬಹುದು. ಕಂಡೆನ್ಸರ್ ಕೂಡ ಬಿಸಿಯಾದಾಗ ಕೈಕೊಡೋ ಜಾತಿಯೇ. ಹಾಗಾಗಿ ಟೆಸ್ಟ್ ಲ್ಯಾಂಪು ತೆಗೆದೆ. ಕೀ ಆನ್ ಮಾಡಿ, ಸ್ವಿಚ್ಚಿನಿಂದ ಬರೋ ವೈರಿರೋ ಟರ್ಮಿನಲ್ಲಿಗೂ ಬಾಡಿಗೂ ಹಿಡಿದರೆ ದೀಪ ಚೆನ್ನಾಗಿ ಉರೀತು, ಅಂದರೆ ಕರೆಂಟು ಕಾಯಿಲ್‌ವರೆಗೆ ಬರ್ತಿದೆ. ಆಮೇಲೆ ಇನ್ನೊಂದು ಟರ್ಮಿನಲ್ಲಿಗೆ, ಪಾಯಿಂಟ್ ಕಡೆಯದಕ್ಕೆ, ಹಿಡಿದು ಸೆಲ್ಫ್ ಹೊಡೆಸಿದೆ. ಹತ್ತಿ ಆರಿ, ಹತ್ತಿ ಆರಿ ಮಿಣುಕಿತು. ಪಾಯಿಂಟ್ ತೆರೆದಾಗ ಹತ್ತುತ್ತೆ, ಮುಚ್ಚಿದಾಗ ಆರುತ್ತೆ. ಕಂಡೆನ್ಸರ್ ಶಾರ್ಟ್ ಆಗಿದ್ದಿದ್ದರೆ ದೀಪ ಹತ್ತುತ್ತಲೇ ಇರಲಿಲ್ಲ. ಕಂಡೆನ್ಸರ್ ಶಾರ್ಟ್ ಆಗದೆ ಸುಮ್ನೆ ಸತ್ತು ಕೂತಿದ್ದರೆ? ಅದಕ್ಕೆ ತಂದಿದ್ದ ಹೊಸ ಕಂಡೆನ್ಸರನ್ನು ಹಳೇದರ ಜೊತೆಗೇ, ಅದೇ ಟರ್ಮಿನಲ್ಲಿಗೂ ಬಾಡಿಗೂ ಕ್ಲಿಪ್ ಹಾಕಿ ನೇತುಹಾಕಿ ಮತ್ತೆ ನೋಡಿದೆ. ಹಳೇದು ಸತ್ತಿದ್ದರೆ ಹೊಸದು ಆ ಕೆಲಸ ಮಾಡಿ ಕಿಡಿ ಏಳಬೇಕಿತ್ತು. ಏಳಲಿಲ್ಲ. ಅದೇ ಹಳದಿ ಎಳೆ.

ಕಾಯಿಲ್ ಮುಟ್ಟಿದೆ. ಮುಟ್ಟಿ ಕೈ ಎಳೆದುಕೊಂಡೆ. ಕಾಯಿಲ್ ಬಿಸಿಯಾಗೋದು ಸಹಜವೇ, ಆದರೆ ಇದನ್ನು ಎರಡು ಸೆಕೆಂಡು ಹಿಡಿಯೋಕೆ ಆಗ್ತಿರಲಿಲ್ಲ. ಮುಚ್ಚಳ ತಗಡಿಗೆ ಸೇರೋ ಅಂಚಿನಲ್ಲಿ ಸುತ್ತಲೂ ಒಂದು ಕಪ್ಪು ಗೆರೆ ಇತ್ತು, ಮೊದಲು ಧೂಳು ಅಂದುಕೊಂಡಿದ್ದು, ಉಗುರಿನಿಂದ ಕೆರೆದರೆ ಜಿಡ್ಡು. ಒಳಗಿನ ಎಣ್ಣೆ ಎಷ್ಟೋ ದಿನದಿಂದ ಜಿನುಗಿ ಧೂಳು ಹಿಡಿದು ಕೂತಿತ್ತು.

ಆಗ ಬನಿಯನ್ ಒದ್ದೆ ಮಾಡಿ ಹಿಂಡಿ, ಪಂಪನ್ನು ಮುಟ್ಟದೆ, ಕಾಯಿಲಿನ ಡಬ್ಬಿಗೆ ಸುತ್ತಿದೆ. ಮೇಲಿನ ಮುಚ್ಚಳಕ್ಕೆ, ಟರ್ಮಿನಲ್ಲಿಗೆ ನೀರು ತಾಗದ ಹಾಗೆ ಕೆಳಗಡೆಗೆ ಮಾತ್ರ. ಬಟ್ಟೆಯಿಂದ ಹಬೆ ಎದ್ದಿತು. ಬಿಸಿಯಾದರೆ ಮತ್ತೆ ಅದ್ದಿ ಸುತ್ತಿದೆ. ಅರ್ಧ ಗಂಟೆ ಕಾಯಲಿಲ್ಲ, ಒಂದು ಕಾಫಿ ಕುಡಿಯೋಷ್ಟು ಹೊತ್ತೂ ಆಗಿರಲಿಲ್ಲ, ಪಂಪು ಇನ್ನೂ ಮುಟ್ಟೋಕಾಗದಷ್ಟು ಬಿಸಿ ಇತ್ತು, ಬಟ್ಟೆ ತೆಗೆದು ಒರೆಸಿ ದಪ್ಪ ವೈರ್ ವಾಪಸ್ ಹಾಕಿ ಸೆಲ್ಫ್ ಹೊಡೆಸಿದರೆ ಬರ್ರ್ ಅಂತ ಸ್ಟಾರ್ಟ್. ಭಾವಮೈದ ಕಿಟಕಿಯಿಂದ ತಲೆ ಹೊರಹಾಕಿ 'ಇಷ್ಟೇನಾ?' ಅಂದ. ಇಷ್ಟೇ.

ಅಲ್ಲಿಂದ ಹಾಗೇ ತಿರುಗಿಸಿಕೊಂಡು ಮನೆಗೆ ಬಂದೆವು. ಮಾರನೇ ದಿನ ಕಾಯಿಲ್ ಬಿಚ್ಚಿ ಮೆಕ್ಯಾನಿಕ್ ಹತ್ತಿರ ಒಯ್ದರೆ ಅವರು ಮೀಟರ್ ಇಟ್ಟು ನೋಡಿ 'ಕಾಯಿಲ್ ಸರಿ ಇದೆಯಲ್ಲ ಸಾರ್' ಅಂದರು. ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ಎರಡು ಸಣ್ಣ ಟರ್ಮಿನಲ್ ನಡುವೆ ಮೂರು ಓಮ್ ಚಿಲ್ಲರೆ, ಮಧ್ಯದ ತೂತಿಗೂ ಟರ್ಮಿನಲ್ಲಿಗೂ ನಡುವೆ ಒಂಬತ್ತು ಸಾವಿರ ಓಮ್ ಹತ್ತಿರ. ತಂತಿ ಕರೆಂಟಿಗೆ ಒಡ್ಡೋ ತಡೆ, ಅಂದರೆ ರೆಸಿಸ್ಟೆನ್ಸ್, ಅದರ ಅಳತೆಯೇ ಓಮ್. ಇಂಥಾ ಹಳೇ ಕಾಯಿಲಿಗೆ ಎರಡೂ ಸರಿಯಾದ ಲೆಕ್ಕವೇ. ತಣ್ಣಗಿದ್ದಾಗ.

ಮನೆಗೆ ತಂದು ಒಂದು ರಟ್ಟಿನ ಡಬ್ಬಿಯೊಳಗೆ ಕಾಯಿಲ್ ನಿಲ್ಲಿಸಿ, ಪಕ್ಕದಲ್ಲಿ ತೂತು ಮಾಡಿ ಹೇರ್ ಡ್ರೈಯರಿನ ಮೂತಿ ತೂರಿಸಿದೆ. ಡ್ರೈಯರ್ ಯಾರದ್ದು ಅಂತ ಕೇಳಬೇಡಿ. ಮೀಟರಿನ ಒಂದು ಕಡ್ಡಿ ಮಧ್ಯದ ತೂತಿನಲ್ಲಿ, ಇನ್ನೊಂದು ಟರ್ಮಿನಲ್ಲಿಗೆ, ಮೀಟರಿನ ಗುಂಡಿ 20 ಸಾವಿರ ಓಮಿನ ಸ್ಥಾನದಲ್ಲಿ, ಅಂಕಿ ಸಾವಿರದ ಲೆಕ್ಕದಲ್ಲಿ. ಡಬ್ಬಿ ನಿಧಾನಕ್ಕೆ ಬಿಸಿಯಾಗುತ್ತೆ, ಒಳಗೆ ಎಣ್ಣೆ ಇದೆಯಲ್ಲ. ಅಂಕಿ ಮೆಲ್ಲಗೆ ಏರ್ತಾ ಹೋಯ್ತು, 9.1, 9.4, 9.8. ಇದರಲ್ಲಿ ಆಶ್ಚರ್ಯ ಇಲ್ಲ, ತಾಮ್ರ ಬಿಸಿಯಾದರೆ ಪ್ರತಿ ಹತ್ತು ಡಿಗ್ರಿಗೆ ಶೇಕಡಾ ನಾಲ್ಕರಷ್ಟು ರೆಸಿಸ್ಟೆನ್ಸ್ ಏರುತ್ತೆ. ಹತ್ತು ದಾಟಿತು. ಆಮೇಲೆ ಅಂಕಿ ಕುಣಿಯೋಕೆ ಶುರುವಾಯ್ತು, ಹತ್ತು, ಹದಿನಾಲ್ಕು, ಮತ್ತೆ ಹತ್ತು, ಹದಿನೆಂಟು, ಇದ್ದಕ್ಕಿದ್ದ ಹಾಗೆ ಅಂಕಿಯೆಲ್ಲ ಮಾಯವಾಗಿ ಎಡತುದಿಯಲ್ಲಿ ಒಂದೇ ಒಂದು 1 ನಿಂತಿತು. ಈ ಹಳದಿ ಬಣ್ಣದ ಅಗ್ಗದ ಮೀಟರಿನಲ್ಲಿ ಹಾಗೆ 1 ಬಂದರೆ ಅಳತೆಗೆ ಮೀರಿದೆ, ತಂತಿ ಬಿಟ್ಟುಕೊಂಡಿದೆ ಅಂತ ಅರ್ಥ. ಡ್ರೈಯರ್ ಆರಿಸಿ ಕೂತೆ. ಬಹಳ ಹೊತ್ತಿನ ಮೇಲೆ ತಾನಾಗೇ 10.2 ಅಂತ ವಾಪಸ್ ಬಂತು. ಮೆಕ್ಯಾನಿಕ್ಕಿಗೆ ವಿಡಿಯೋ ಮಾಡಿ ಕಳಿಸಿದೆ. ಒಂದು ಹೆಬ್ಬೆರಳು ಬಂತು, ಅಷ್ಟೇ.

ಯಾಕೆ ಹೋಯ್ತು ಅನ್ನೋದಕ್ಕೆ ವಯಸ್ಸು ಒಂದು ಕಾರಣ, ಅದು ಹೇಗೂ ಇದೆ. ಪ್ಲಗ್ಗುಗಳ ಗ್ಯಾಪು ಸವೆದು ಸವೆದು ಒಂದು ಮಿಲಿಮೀಟರ್ ದಾಟಿತ್ತು, ಗ್ಯಾಪು ಜಾಸ್ತಿ ಆದಷ್ಟೂ ಕಾಯಿಲ್ ಜಾಸ್ತಿ ವೋಲ್ಟೇಜ್ ಎಬ್ಬಿಸಬೇಕು. ಒಂದು ಪ್ಲಗ್ ವೈರಿನ ತುದಿ ಸುಟ್ಟು ಕಪ್ಪಾಗಿತ್ತು. ಆದರೆ ನನಗೆ ಜಾಸ್ತಿ ಅನುಮಾನ ಇರೋದು ಭದ್ರಾವತಿ ಆಕಾಶವಾಣಿಯ ಮೇಲೆ. ಮಾವನವರಿಗೆ ಎಲ್ಲಾದರೂ ಗಾಡಿ ನಿಲ್ಲಿಸಿ, ಇಂಜಿನ್ ಆರಿಸಿ, ಒಳಗೇ ಕೂತು ರೇಡಿಯೋದಲ್ಲಿ ವಾರ್ತೆ ಕೇಳೋ ಅಭ್ಯಾಸ. ಈ ಗಾಡಿಯ ವೈರಿಂಗಿನಲ್ಲಿ ಕೀ ಪೂರ್ತಿ ಆನ್ ಇದ್ದರೆ ಮಾತ್ರ ರೇಡಿಯೋ ಹಾಡುತ್ತೆ. ಕೀ ಆನ್ ಇದ್ದು ಇಂಜಿನ್ ನಿಂತಿದ್ದಾಗ ಪಾಯಿಂಟ್ ಮುಚ್ಚಿದ ಜಾಗದಲ್ಲಿ ನಿಂತಿತ್ತು ಅಂದರೆ, ಕಾಯಿಲ್ ಒಳಗೆ ಕರೆಂಟು ಬಿಡುವಿಲ್ಲದೆ ಹರೀತಾ ಇರುತ್ತೆ. 12 ವೋಲ್ಟಿಗೆ ಮೂರು ಓಮ್, ನಾಲ್ಕು ಆಂಪಿಯರ್. ಅಂದರೆ ಹತ್ತಿರ ಹತ್ತಿರ ಐವತ್ತು ವ್ಯಾಟ್ ಶಾಖ, ಅಷ್ಟು ಸಣ್ಣ ಮುಚ್ಚಿದ ಡಬ್ಬಿಯೊಳಗೆ. ಓಡ್ತಾ ಇದ್ದರೆ ಪಾಯಿಂಟ್ ತೆರೆದು ಮುಚ್ಚಿ ಮಾಡುತ್ತೆ, ಗಾಳಿಯೂ ಆಡುತ್ತೆ, ಅಷ್ಟು ಕಷ್ಟ ಇಲ್ಲ. ಇದನ್ನು ಮಾವನವರಿಗೆ ವಿವರಿಸಿದೆ. 'ವಾರ್ತೆ ಹತ್ತು ನಿಮಿಷ ಇರ್ತಿತ್ತು ಕಣಪ್ಪ, ಅಷ್ಟಕ್ಕೆಲ್ಲ ಏನಾಗುತ್ತೆ' ಅಂದರು. ಅತ್ತೆ ಒಳಗಿಂದ 'ಆಮೇಲೆ ಚಿತ್ರಗೀತೆ?' ಅಂದರು.

ಹೊಸ ಕಾಯಿಲ್ ಹುಡುಕೋದು ಬೇರೆಯದೇ ಕತೆ. ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನ ಒಂದು ಅಂಗಡಿಯಲ್ಲಿ ಕೇಳಿದರೆ 'ಪದ್ಮಿನಿಗಾ?' ಅಂತ ಒಮ್ಮೆ ನೋಡಿ, ಒಳಗೆ ಹೋಗಿ ಒಂದು ಡಬ್ಬಿ ತಂದಿಟ್ಟರು. ನೋಡೋಕೆ ಅದೇ ಆಕಾರ, ಅದೇ ಗಾತ್ರ. 'ಎಲ್ಲಾ 12 ವೋಲ್ಟೇ ಸಾರ್, ಯಾವುದು ಹಾಕಿದರೂ ಆಗುತ್ತೆ.' ಮೀಟರ್ ಕೈಚೀಲದಲ್ಲೇ ಇತ್ತು, ಕೌಂಟರಿನ ಮೇಲೇ ಇಟ್ಟು ನೋಡಿದೆ. 1.6 ಓಮ್. ಬೇಡ ಅಂದೆ.

ಹಳೇ ಗಾಡಿ ಇಟ್ಟುಕೊಂಡವರು ಜಾಸ್ತಿ ಗಮನ ಕೊಡಬೇಕಾದ ಜಾಗ ಇದೇ. ಕಾಯಿಲಿನಲ್ಲಿ ಎರಡು ಜಾತಿ. ಒಂದು ಮೂರು ಓಮ್ ಹತ್ತಿರದ್ದು, ಇದಕ್ಕೆ ಬ್ಯಾಟರಿಯ 12 ವೋಲ್ಟ್ ನೇರ ಕೊಡಬಹುದು. ಇನ್ನೊಂದು ಒಂದೂವರೆ ಓಮ್ ಆಸುಪಾಸಿನದ್ದು, ಇದರ ಮುಂದೆ ಕರೆಂಟು ಕಡಿಮೆ ಮಾಡೋ ಒಂದು ಬ್ಯಾಲಸ್ಟ್ ರೆಸಿಸ್ಟರ್ ಇರಲೇಬೇಕು, ಇಲ್ಲ ಅಂದರೆ ಪಾಯಿಂಟ್ ಬದಲು ಎಲೆಕ್ಟ್ರಾನಿಕ್ ಇಗ್ನಿಷನ್ ಇರೋ ಗಾಡಿಗೆ ಹಾಕಬೇಕು. ನಮ್ಮ ಪದ್ಮಿನಿಯಲ್ಲಿ ಬ್ಯಾಲಸ್ಟ್ ಇಲ್ಲ, ಸ್ವಿಚ್ಚಿನಿಂದ ನೇರ ಕಾಯಿಲಿಗೆ ವೈರು. ಅಲ್ಲಿ ಒಂದೂವರೆ ಓಮಿನದು ಹಾಕಿದರೆ ನಾಲ್ಕರ ಜಾಗದಲ್ಲಿ ಎಂಟು ಆಂಪಿಯರ್ ಹರಿಯುತ್ತೆ. ಮೊದಮೊದಲು ಗಾಡಿ ಭರ್ಜರಿಯಾಗಿ ಓಡುತ್ತೆ, ಕಿಡಿ ಜೋರಾಗಿರುತ್ತಲ್ಲ. ಆಮೇಲೆ ಪಾಯಿಂಟ್ ಸುಟ್ಟು ಗುಳಿ ಬೀಳುತ್ತೆ, ಕಾಯಿಲ್ ಮತ್ತೆ ಬೆಂಕಿ ಬಿಸಿ, ಮತ್ತೆ ದಾರಿಯಲ್ಲಿ ನಿಲ್ಲೋದು. 'ಹೊಸ ಕಾಯಿಲ್ ಹಾಕಿಸಿದೆ, ಆದರೂ ಅದೇ ತೊಂದರೆ' ಅಂತ ಹೇಳೋ ಎಷ್ಟೋ ಜನರ ಗಾಡಿಯಲ್ಲಿ ಇದೇ ಆಗಿರುತ್ತೆ ಅಂತ ನನ್ನ ಅಂದಾಜು.

ಕೊನೆಗೆ ಸಿಕ್ಕಿದ್ದು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ. ಗೆಳೆಯನೊಬ್ಬನಿಗೆ ಹೇಳಿದ್ದೆ, ಮೀಟರ್ ಇಟ್ಟು ಅಂಕಿ ನನಗೆ ಕಳಿಸಿದಮೇಲೆ ದುಡ್ಡು ಕೊಡು ಅಂತ. 3.2 ಬಂತು, ತಗೊಂಡ. ಸಾವಿರ ರೂಪಾಯಿಯೊಳಗೇ ಆಯ್ತು. ಪದ್ಮಿನಿ ತಯಾರಿಕೆ ನಿಂತು ಎರಡು ದಶಕ ದಾಟಿತು, ಆದರೂ ಸಾಮಾನು ಸಿಗ್ತಿದ್ದದ್ದು ಮುಂಬೈಯ ಕಪ್ಪು ಹಳದಿ ಟ್ಯಾಕ್ಸಿಗಳ ಪುಣ್ಯದಿಂದ. ಅಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿ ಆದದ್ದು 2003ರಲ್ಲಿ, ಇಪ್ಪತ್ತು ವರ್ಷದ ಮಿತಿ ಮುಗಿದು 2023ರ ಅಕ್ಟೋಬರಿನಲ್ಲಿ ಅದೂ ರಸ್ತೆ ಬಿಟ್ಟಿತು. ಇನ್ನು ಮೇಲೆ ಬಾಗಿಲ ಬೀಡಿಂಗು, ಗೇರ್ ಲಿವರಿನ ಬುಷ್ಷು ಇಂಥದ್ದಕ್ಕೆ ಪರದಾಟ ಇದ್ದದ್ದೇ. ಕಾಯಿಲಿಗೆ ಅಷ್ಟು ಹೆದರಬೇಕಿಲ್ಲ, ಓಮ್ ಸರಿ ಇದ್ದರೆ ಯಾವ ಕಂಪನಿಯದ್ದಾದರೂ ನಡೆಯುತ್ತೆ.

ಹಾಕೋದು ಅರ್ಧ ಗಂಟೆಯ ಕೆಲಸವೂ ಅಲ್ಲ. ಬ್ಯಾಟರಿಯ ನೆಗೆಟಿವ್ ಬಿಚ್ಚಿದೆ. ಯಾವ ವೈರ್ ಎಲ್ಲಿತ್ತು ಅಂತ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡೆ, ಯಾಕಂದರೆ ಹಳೇ ಕಾಯಿಲಿನ ಮೇಲೆ ಪ್ಲಸ್ಸು ಮೈನಸ್ಸು ಇರಲಿಲ್ಲ, 'ಎಸ್‌ಡಬ್ಲ್ಯೂ', 'ಸಿಬಿ' ಅಂತ ಒತ್ತಿತ್ತು. ಎಸ್‌ಡಬ್ಲ್ಯೂ ಅಂದರೆ ಸ್ವಿಚ್ ಕಡೆ, ಸಿಬಿ ಅಂದರೆ ಪಾಯಿಂಟ್ ಕಡೆ. ನೆಗೆಟಿವ್ ಅರ್ಥ್ ಇರೋ, ಅಂದರೆ ಬ್ಯಾಟರಿಯ ನೆಗೆಟಿವ್ ಗಾಡಿಯ ಮೈಗೆ ಸೇರಿರೋ, ಗಾಡಿಯಲ್ಲಿ ಹೊಸ ಕಾಯಿಲಿನ ಪ್ಲಸ್ಸಿಗೆ ಸ್ವಿಚ್ ವೈರು, ಮೈನಸ್ಸಿಗೆ ಪಾಯಿಂಟ್ ವೈರು. ಉಲ್ಟಾ ಹಾಕಿದರೂ ಗಾಡಿ ಸ್ಟಾರ್ಟ್ ಆಗುತ್ತೆ, ಅದೇ ಮೋಸ. ಪ್ಲಗ್ಗಿನ ನಡುವಿನ ಕಡ್ಡಿ ಹೆಚ್ಚು ಬಿಸಿ ಇರುತ್ತೆ, ಅದರಿಂದ ಎಲೆಕ್ಟ್ರಾನು ಸುಲಭವಾಗಿ ಹೊರಡುತ್ತೆ, ಹಾಗಾಗಿ ಕಿಡಿ ನಡುವಿನಿಂದ ಹೊರಕ್ಕೆ ಹಾರೋ ಹಾಗೆ ಜೋಡಿಸಿರ್ತಾರೆ. ತಿರುವುಮುರುವಾದರೆ ಅದೇ ಕಿಡಿಗೆ ಜಾಸ್ತಿ ವೋಲ್ಟೇಜ್ ಬೇಕು, ಏರಿನಲ್ಲಿ ಮಿಸ್ಸಿಂಗ್ ಬರುತ್ತೆ, ಕಾರಣ ಹುಡುಕಿ ತಲೆ ಕೆಡುತ್ತೆ.

ಹೊಸ ಡಬ್ಬಿ ಹಳೇದಕ್ಕಿಂತ ಒಂದು ಎಳೆ ಸಪೂರ. ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ ಕ್ಲಾಂಪ್ ಬಿಗಿಯೋದು ಅಂತ ಭಾವಮೈದ ಅಂದ. ರಬ್ಬರ್ ಸುತ್ತಿದರೆ ಶಾಖ ಗಾಡಿಯ ಮೈಗೆ ಇಳಿಯಲ್ಲ ಅಂತ ನಾನು ತಗಡಿನ ಪಟ್ಟಿ ಸುತ್ತಿದೆ. ಅಲ್ಲಾಡದಷ್ಟು ಬಿಗಿದರೆ ಸಾಕು, ಡಬ್ಬಿ ನೆಗ್ಗೋ ಹಾಗೆ ಬಿಗಿಯಬಾರದು. ಕ್ಲಾಂಪ್ ಕೂರೋ ಜಾಗದ ಪೇಂಟು ಕೆರೆದು ಸ್ವಚ್ಛ ಮಾಡಿದೆ. ಜೊತೆಗೆ ನಾಲ್ಕು ಹೊಸ ಪ್ಲಗ್ಗು, ಪ್ಲಗ್ ವೈರಿನ ಸೆಟ್ಟು, ಪಾಯಿಂಟ್ ಉಜ್ಜಿ ಗ್ಯಾಪು ಸರಿ ಮಾಡಿದ್ದು. ದಪ್ಪ ವೈರನ್ನು ಕಾಯಿಲಿನ ತೂತಿಗೆ ತಳಕ್ಕೆ ಮುಟ್ಟೋವರೆಗೆ ಒತ್ತಬೇಕು, ಮೇಲಿನ ರಬ್ಬರ್ ಟೋಪಿ ಕೂತ ಕೂಡಲೇ ಒಳಗೂ ಕೂತಿದೆ ಅಂತ ಎಷ್ಟೋ ಸಲ ಅನಿಸಿಬಿಡುತ್ತೆ. ಟೋಪಿ ಮೇಲೆತ್ತಿ ವೈರ್ ಒತ್ತಿ, ಆಮೇಲೆ ಟೋಪಿ ಇಳಿಸೋದು ಒಳ್ಳೇದು.

ಮುಚ್ಚೋ ಮೊದಲು ಕಿಡಿ ನೋಡಲೇಬೇಕಿತ್ತು. ಸಂಜೆ ಗೇಟಿನ ಹತ್ತಿರ, ಅದೇ ಪ್ಲಗ್ಗು, ಅದೇ ಪ್ಲೇಯರು. ಚಟ್, ಚಟ್, ಚಟ್. ದಪ್ಪಗೆ ನೀಲಿ. ಭಾವಮೈದನ ಮಗಳು ಕಿಟಕಿಯಿಂದ ನೋಡ್ತಾ ಇನ್ನೊಂದ್ಸಲ ಮಾಡಿ ಅಂತ ಹಟ ಹಿಡಿದಳು.

ಪರೀಕ್ಷೆಗೆ ತೀರ್ಥಹಳ್ಳಿ ಸಾಲದು ಅನಿಸಿತು. ತೀರ್ಥಹಳ್ಳಿ ದಾಟಿ ಆಗುಂಬೆಗೆ ಹೋಗಿ, ಸೋಮೇಶ್ವರದವರೆಗೆ ಘಾಟಿ ಇಳಿದು, ಮಧ್ಯಾಹ್ನದ ಬಿಸಿಲಿಗೇ ವಾಪಸ್ ಹತ್ತಿಸಿದೆವು. ಹದಿನಾಲ್ಕು ತಿರುವು, ಹೆಚ್ಚಿನ ಕಡೆ ಮೊದಲನೇ ಗೇರು, ಮುಂದೆ ಒಂದು ಬಸ್ಸು, ಗಾಳಿ ಅನ್ನೋದಿಲ್ಲ. ಟೆಂಪರೇಚರ್ ಮುಳ್ಳು ಅರ್ಧ ದಾಟಿತ್ತು. ಇಂಜಿನ್ ಒಮ್ಮೆಯೂ ತಪ್ಪಲಿಲ್ಲ. ಮೇಲೆ ಬಂದು ನಿಲ್ಲಿಸಿ ಬಾನೆಟ್ ಎತ್ತಿ ಕಾಯಿಲ್ ಮುಟ್ಟಿದೆ, ಬಿಸಿ ಇತ್ತು, ಆದರೆ ಅಂಗೈ ಇಟ್ಟುಕೊಂಡು ಮಾತಾಡಬಹುದಾದಷ್ಟು.

ಆಮೇಲೆ ಮಾಡಿದ ಇನ್ನೊಂದು ಕೆಲಸ, ರೇಡಿಯೋಗೆ ಕೀ ಕಡೆಯಿಂದ ಬರೋ ವೈರ್ ಕಿತ್ತು, ಬ್ಯಾಟರಿಯಿಂದಲೇ ಒಂದು ಫ್ಯೂಸ್ ಹಾಕಿ ಬೇರೆ ವೈರ್ ಎಳೆದದ್ದು. ಈಗ ಕೀ ಜೇಬಿನಲ್ಲಿದ್ದರೂ ರೇಡಿಯೋ ಹಾಡುತ್ತೆ. ಮಾವ ಬಂದಾಗ ತೋರಿಸಿದೆ. ಮುಂದಿನ ಸೀಟಿನಲ್ಲಿ ಕೂತು, ಗುಂಡಿ ತಿರುಗಿಸಿ, ಸ್ಟೇಷನ್ ಹಿಡಿದು, ಊಟಕ್ಕೆ ಕರೆದರೂ ಎದ್ದು ಬರಲಿಲ್ಲ. ಬ್ಯಾಟರಿ ಇಳಿದರೆ ತಳ್ಳಿ ಸ್ಟಾರ್ಟ್ ಮಾಡಬಹುದು, ಅದು ಪರವಾಗಿಲ್ಲ.